ಚಿಲ್ಲರೆ ಮೀಮಾಂಸೆ

ಉಪನಗರದ ಬಸ್ಸು ಇದೆಯೋ ಇಲ್ಲವೋ ಎಂದು ಮೊದಲು ನಿರ್ಣಯಿಸಿಕೊಳ್ಳದೆ ಅದರ ಸುಧಾರಣೆಯ ಮಾತೆತ್ತುವುದು ಶಾಸ್ತ್ರಕ್ಕೆ ಒಪ್ಪದು. ಬೆಂಗಳೂರಿನ ಅಂಚಿನಲ್ಲಿರುವ ಕೆಂಗೇರಿ ಉಪನಗರ, ಯಲಹಂಕ, ಕಾಡುಗೋಡಿ ಮೊದಲಾದ ಕ್ಷೇತ್ರಗಳಲ್ಲಿ ಬೆಳಗಿನ ಜಾವವೇ ಬಂದು ನಿಂತು ತಪಸ್ಸು ಮಾಡುವವರು ಇದನ್ನು ಆರು ಪ್ರಮಾಣಗಳಿಂದ ಅರಿಯುತ್ತಾರೆ. ಬಸ್ಸು ಕಣ್ಣಿಗೆ ಬಿದ್ದರೆ ಪ್ರತ್ಯಕ್ಷ. ಇದು ವಿರಳ. ಮುಂದೆ ನಿಂತವರು ಬ್ಯಾಗು ಹೆಗಲಿಗೇರಿಸಿ ರಸ್ತೆಗಿಳಿದರೆ ಅನುಮಾನ. ಅದೇ ಬಣ್ಣದ ಕಾಲೇಜು ಬಸ್ಸನ್ನು ಕಂಡು ಕೈ ಎತ್ತಿ, ಆಮೇಲೆ ತಲೆ ಕೆರೆದುಕೊಂಡರೆ ಉಪಮಾನ. ‘ಈಗ ತಾನೇ ಹೋಯ್ತಲ್ಲ ಸಾರ್’ ಎಂಬ ಬೀಡಾ ಅಂಗಡಿಯವನ ವಾಕ್ಯ ಶಬ್ದಪ್ರಮಾಣ. ಆತ ಆಪ್ತನಾದ್ದರಿಂದ ಮೊಬೈಲ್ ಆ್ಯಪಿಗಿಂತ ಮೇಲು. ಹತ್ತು ನಿಮಿಷಕ್ಕೊಂದು ಎಂದು ಹೇಳಲಾದ ಬಸ್ಸು ಅರ್ಧ ಗಂಟೆ ಬಾರದಿದ್ದಲ್ಲಿ, ಮೂರು ಒಟ್ಟಿಗೇ ಬರಬೇಕು ಎಂದು ಊಹಿಸುವುದು ಅರ್ಥಾಪತ್ತಿ. ಆರನೆಯದು ಅನುಪಲಬ್ಧಿ. ‘ಇಲ್ಲ’ ಎಂಬುದನ್ನು ಅರಿಯಲು ಪ್ರತ್ಯೇಕ ಪ್ರಮಾಣ ಬೇಕೆಂದು ಭಾಟ್ಟ ಮೀಮಾಂಸಕರು ವಾದಿಸುತ್ತಾರೆ, ಪ್ರಾಭಾಕರರು ಒಪ್ಪುವುದಿಲ್ಲ. ಪ್ರಾಭಾಕರರು ಭಾನುವಾರ ರಾತ್ರಿ ಸ್ಟಾಪಿನಲ್ಲಿ ನಿಂತವರಲ್ಲ ಎಂದಷ್ಟೇ ಹೇಳಿ ಮುಂದುವರಿಯೋಣ.

ಸುಧಾರಣೆಯ ಇತಿಹಾಸವೆಂದರೆ ಬಹುಮಟ್ಟಿಗೆ ನಾಮಕರಣದ ಇತಿಹಾಸ. 1997ರಲ್ಲಿ ನಗರ ಸಾರಿಗೆಯ ಬಿಟಿಎಸ್ ಬಿಎಂಟಿಸಿಯಾಯಿತು. ಮುಂದೆ ಪುಷ್ಪಕ್ ಬಂತು, ವಜ್ರ ಬಂತು, ವಿಮಾನ ನಿಲ್ದಾಣಕ್ಕೆ ವಾಯು ವಜ್ರ ಬಂತು. ಇವುಗಳಲ್ಲಿ ಪುಷ್ಪಕ್ ಎಂಬ ಹೆಸರನ್ನು ಆರಿಸಿದವರು ಪುರಾಣ ಬಲ್ಲವರು. ಕುಬೇರನ ಆ ವಿಮಾನದಲ್ಲಿ ಎಷ್ಟು ಜನ ಕೂತರೂ ಇನ್ನೊಬ್ಬರಿಗೆ ಜಾಗ ಉಳಿದೇ ಇರುತ್ತದಂತೆ. ‘ಒಳಗೆ ನಡೀರಿ, ಹಿಂದೆ ಖಾಲಿ ಇದೆ’ ಎಂದು ಕಂಡಕ್ಟರ್ ಕೂಗುವುದು ಈ ನಂಬಿಕೆಯಿಂದಲೇ. ಹೆಸರನ್ನು ಬಿಟ್ಟು ರಸ್ತೆಗೆ ಕೈ ಹಾಕಿದ್ದು 2019ರಲ್ಲಿ. ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಕಂಬ ನೆಟ್ಟು, ಬಸ್ಸಿಗೇ ಒಂದು ಪಥ ಬಿಟ್ಟುಕೊಟ್ಟರು. ಬಸ್ಸು ಸುಮ್ಮನೆ ಮುಂದಕ್ಕೆ ಹೋಗತೊಡಗಿತು. ಪರಂಪರೆಗೆ ವಿರುದ್ಧವಾದ ಈ ನಡೆ ಮೆಟ್ರೊ ಕಾಮಗಾರಿಯ ಹೊತ್ತಿಗೆ ಅಳಿಯಿತಾದ್ದರಿಂದ ಪ್ರಸ್ತುತ ಸಂಶೋಧನೆಗೆ ತೊಡಕಾಗದು.

ಇನ್ನು ದರ ಪ್ರಕರಣ. 2025ರ ಜನವರಿ 5ರಂದು ಪ್ರಯಾಣದರ ಶೇ. 15 ಏರಿತು, ಕನಿಷ್ಠ ದರ 5 ರೂಪಾಯಿ ಇದ್ದದ್ದು 6 ಆಯಿತು. ಐದರ ಮೇಲೆ ಶೇ. 15 ಎಂದರೆ 75 ಪೈಸೆ. ಮುಕ್ಕಾಲು ರೂಪಾಯಿ ಎಂಬ ದ್ರವ್ಯ ಈ ಯುಗದಲ್ಲಿ ಇಲ್ಲ. ಹೀಗಾಗಿ ಒಂದು ರೂಪಾಯಿ. ಮೇಲ್ನೋಟಕ್ಕೆ ಅಲ್ಪವಾದ ಈ ಒಂದು ರೂಪಾಯಿ ಒಂದು ಮಹಾ ಸಾಮಾಜಿಕ ಸಂಸ್ಥೆಯನ್ನೇ ಕೆಡವಿದ್ದನ್ನು ಅರ್ಥಶಾಸ್ತ್ರಜ್ಞರು ಗಮನಿಸಿಲ್ಲ.

ಹಿಂದೆ ಹತ್ತರ ನೋಟು ಕೊಟ್ಟ ಇಬ್ಬರಿಗೆ ತಲಾ ಐದು ಬಾಕಿ ಬರುತ್ತಿತ್ತು. ಕಂಡಕ್ಟರ್ ಒಂದು ನೋಟನ್ನು ಒಬ್ಬನ ಕೈಗೆ ತುರುಕಿ, ಇನ್ನೊಬ್ಬನ ಕಡೆ ಗಲ್ಲ ತೋರಿಸಿ ‘ಇಬ್ರೂ ಹಂಚ್ಕೊಳ್ರಿ’ ಎನ್ನುತ್ತಿದ್ದ. ಮುಖ ಕಂಡಿಲ್ಲದ ಇಬ್ಬರು ಆ ಕ್ಷಣದಿಂದ ಅವಿಭಕ್ತ ಕುಟುಂಬ. ನೋಟು ಹಿಡಿದವನ ಮೇಲೆ ಮತ್ತೊಬ್ಬನಿಗೆ ಕಣ್ಣು. ಅವನು ಇಳಿದರೆ ಇವನೂ ಇಳಿಯಬೇಕು. ಇಳಿದು ಇಬ್ಬರೂ ಅಂಗಡಿ ಹುಡುಕಿ ಬೇಡದ ಬಾಳೆಹಣ್ಣು ಕೊಂಡು ಪಾಲಾಗಬೇಕು. ಈಗ ನಾಲ್ಕು ನಾಲ್ಕು ಸೇರಿ ಎಂಟು. ಎಂಟರ ನೋಟನ್ನು ರಿಸರ್ವ್ ಬ್ಯಾಂಕ್ ಅಚ್ಚು ಹಾಕಿಸಿಲ್ಲ. ಅವಿಭಕ್ತ ಕುಟುಂಬ ಮುರಿದುಬಿತ್ತು.

ಉಳಿದದ್ದು ಟಿಕೆಟ್ಟಿನ ಬೆನ್ನು. ಅಲ್ಲಿ ಪೆನ್ನಿನಿಂದ ‘4’ ಎಂದು ಗೀಚಿ ಕೊಡುವ ಪತ್ರಕ್ಕೆ ಸಾಕ್ಷಿ ಬೇಡ, ಬಡ್ಡಿಯೂ ಇಲ್ಲ. ಇಳಿಯುವಾಗ ಹಿಂಬಾಗಿಲಿನಲ್ಲಿದ್ದವನಿಗೆ ಮುಂಬಾಗಿಲಿನ ಕಂಡಕ್ಟರ್ ಸಿಗುವಷ್ಟರಲ್ಲಿ ‘ರೈಟ್’ ಬಿದ್ದು ಸಾಲ ಮನ್ನಾ. ಯುಪಿಐ ಬಂದ ಮೇಲೆ ಇದು ನಿಂತಿತೆಂದು ಪೂರ್ವಪಕ್ಷ. ಹಾಗಲ್ಲ. ಜಂಗುಳಿಯಲ್ಲಿ ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಫೋನು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ, ಬಸ್ಸಿನ ಚಕ್ರ ಸ್ಟೇಜು ದಾಟಿದೆ, ದರವೂ ಬದಲಾಗಿದೆ.

ಚಿಲ್ಲರೆ ಬಾಧೆಯನ್ನು ಬೇರುಸಹಿತ ಕಿತ್ತ ದರ ಒಂದೇ: ಸೊನ್ನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಬಾಕಿ ಬರುವುದೇ ಇಲ್ಲ. ಆ ಕಡೆ ಸೀಟಿನಲ್ಲಿ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದ ಅಜ್ಜಿ, ಈ ಕಡೆ ನಾಲ್ಕು ರೂಪಾಯಿಗಾಗಿ ಕತ್ತು ಉದ್ದ ಮಾಡಿ ನಿಂತ ಎಂ.ಟೆಕ್. ಪದವೀಧರನನ್ನು ನೋಡುವ ನೋಟದಲ್ಲಿ ಇರುವುದು ಅನುಕಂಪವೇ ಎಂದು ಈ ಲೇಖಕನ ನಿರ್ಣಯ.

ಆದ್ದರಿಂದ ಸಿದ್ಧಾಂತ. ದರವನ್ನು ಇಳಿಸಿ ಎಂದು ಯಾರೂ ಕೇಳಬಾರದು, ಖಜಾನೆ ಕೇಳಿಸಿಕೊಳ್ಳದು. ಬಸ್ಸು ಹೆಚ್ಚಿಸಿ ಎನ್ನಬಾರದು. ಆರು ಪ್ರಮಾಣಗಳು ನಿರುದ್ಯೋಗಿಗಳಾಗುತ್ತವೆ. ಟಿಕೆಟ್ಟಿನ ಬೆನ್ನಿನ ‘4’ಗಳನ್ನು ಮಾರಲು, ಕೊಳ್ಳಲು ಮೆಜೆಸ್ಟಿಕ್ಕಿನಲ್ಲಿ ಒಂದು ಷೇರುಪೇಟೆ ತೆರೆದರೆ ಸಾಕು. ಆಕ್ಷೇಪವುಳ್ಳ ವಿದ್ವಾಂಸರು 335ಇ ಹತ್ತಿ ಕಾಡುಗೋಡಿಗೆ ಬಂದು ವಾದಕ್ಕೆ ಕೂರಬಹುದು. ಸರಿಯಾದ ಚಿಲ್ಲರೆ ತಂದು ಸಹಕರಿಸಿ.