ಮಶಕ ಮೀಮಾಂಸೆ: ಮನೆಮದ್ದುಗಳ ಶಾಸ್ತ್ರೀಯ ಪರಾಮರ್ಶೆ

ಸೊಳ್ಳೆ ಓಡಿಸುವ ವಿದ್ಯೆಯಲ್ಲಿ ನಮ್ಮ ಮನೆಗಳು ಮೂರು ದರ್ಶನಗಳಾಗಿ ಒಡೆದಿವೆ: ಧೂಮವಾದ, ತೈಲವಾದ, ಸಸ್ಯವಾದ. ಚಪ್ಪಾಳೆವಾದವೆಂಬ ನಾಲ್ಕನೆಯದೂ ಉಂಟು. ಅದು ಹಿಂಸೆಯನ್ನು ಆಶ್ರಯಿಸಿರುವುದರಿಂದಲೂ, ಹೆಚ್ಚಿನ ಸಂದರ್ಭಗಳಲ್ಲಿ ಸ್ವಂತ ಕೆನ್ನೆಯ ಮೇಲೆಯೇ ಪರ್ಯವಸಾನ ಹೊಂದುವುದರಿಂದಲೂ ಇಲ್ಲಿ ಕೈಬಿಡಲಾಗಿದೆ. ಕರೆಂಟ್ ಬ್ಯಾಟು ಬೀಸುವವರು ಅದರದೇ ಅರ್ವಾಚೀನ ಶಾಖೆ. ಮೂರು ದರ್ಶನಗಳಿಗೂ ಮೂಲಸೂತ್ರ ಒಂದೇ. ಅದನ್ನು ಯಾರೂ ಬರೆದಿಡದ ಕಾರಣ ಪ್ರಸ್ತುತ ಲೇಖಕನೇ ರಚಿಸಬೇಕಾಯಿತು: ನಮ್ಮ ಮೂಗಿಗೆ ತಡೆಯದ್ದು ಸೊಳ್ಳೆಗೂ ತಡೆಯದು. ಮೂಗನ್ನು ಇಷ್ಟು ನಿಷ್ಠೆಯಿಂದ ಪ್ರಮಾಣವೆಂದು ಒಪ್ಪಿದ ಶಾಸ್ತ್ರ ಇನ್ನೊಂದಿಲ್ಲ.

ಮೊದಲಿಗೆ ಧೂಮವಾದ. ಇದು ಅತಿ ಪ್ರಾಚೀನ, ಆದ್ದರಿಂದಲೇ ಪಂಗಡಗಳೂ ಹೆಚ್ಚು. ಬೇವಿನೆಲೆಯವರು, ಲಕ್ಕಿಸೊಪ್ಪಿನವರು, ತುಂಬೆಗಿಡದವರು, ಬೆರಣಿಯವರು, ತೆಂಗಿನ ನಾರಿನವರು. ಇವರೆಲ್ಲರ ನಡುವೆ ಸಾಂಬ್ರಾಣಿಯವರು ದೇವರ ಮನೆಗೂ ಸೊಳ್ಳೆಗೂ ಒಂದೇ ಖರ್ಚಿನಲ್ಲಿ ಮುಗಿಸುವ ಸಮನ್ವಯಾಚಾರ್ಯರು. ಹೊಗೆ ಕಂಡರೆ ಬೆಂಕಿಯುಂಟೆಂದು ಊಹಿಸಿದ ತಾರ್ಕಿಕರು ಅಲ್ಲಿಗೇ ನಿಂತರು. ಧೂಮವಾದಿಗಳು ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಸೊಳ್ಳೆಯ ಅಭಾವ ಎಂಬ ವ್ಯಾಪ್ತಿಯನ್ನು ಸ್ಥಾಪಿಸಿದರು. ಇದಕ್ಕೆ ನಮ್ಮ ಆಕ್ಷೇಪ ಚಿಕ್ಕದು. ಲಕ್ಕಿಸೊಪ್ಪಿನ ಹೊಗೆ ಹಾಕಿದ ಕೋಣೆಯಲ್ಲಿ ಮನೆಯವರೂ ಇರುವುದಿಲ್ಲ; ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ಜಗಲಿಯಲ್ಲಿರುತ್ತಾರೆ. ಸೊಳ್ಳೆಗಳೂ ಅಲ್ಲಿಗೇ ಬಂದಿರುತ್ತವೆ. ಕಚ್ಚಿಸಿಕೊಳ್ಳುವವನ ಅಭಾವವನ್ನು ಕಚ್ಚುವುದರ ಅಭಾವವೆಂದು ತಿಳಿಯುವುದು ಹೇತ್ವಾಭಾಸ.

ಎರಡನೆಯ ಆಕ್ಷೇಪ ವೇಳಾಪಟ್ಟಿಯದು. ಧೂಪದ ಮುಹೂರ್ತ ದೀಪ ಹಚ್ಚುವ ಹೊತ್ತು. ಮಲೇರಿಯಾ ತರುವ ಅನಾಫಿಲಿಸ್ ರಾತ್ರಿ ಪಾಳಿಯದಾದ್ದರಿಂದ ಈ ಮುಹೂರ್ತಕ್ಕೆ ಹೇಗೋ ಒಗ್ಗುತ್ತದೆ. ಡೆಂಗಿ ಹರಡುವ ಈಡಿಸ್ ಹಾಗಲ್ಲ, ಅದರದು ಹಗಲು ಪಾಳಿ. ನಾವು ಸಾಂಬ್ರಾಣಿ ಡಬ್ಬಿ ಹುಡುಕುವ ಹೊತ್ತಿಗೆ ಅದು ಅಂದಿನ ಕೆಲಸ ಮುಗಿಸಿ ಮಂಚದ ಕೆಳಗೆ ಸೇರಿರುತ್ತದೆ.

ಸುರುಳಿ ಬತ್ತಿಯೂ ಹುಟ್ಟಿನಲ್ಲಿ ಈ ವಂಶದ್ದೇ. ಜಪಾನಿನ ಉಯೆಯಾಮಾ ಎಯಿಚಿರೊ ಸೇವಂತಿಗೆ ಬಳಗದ ಪೈರೆಥ್ರಮ್ ಹೂವಿನ ಪುಡಿಯಿಂದ ಕಡ್ಡಿ ಮಾಡಿದ. ಅದು ಮುಕ್ಕಾಲು ಗಂಟೆಯೂ ಉರಿಯದೆ ಆರುತ್ತಿತ್ತು. ಸುರುಳಿ ಸುತ್ತಿದರೆ ರಾತ್ರಿಯಿಡೀ ಬಾಳುತ್ತದೆ ಎಂದು 1895ರಲ್ಲಿ ಸೂಚಿಸಿದವಳು ಅವನ ಹೆಂಡತಿ ಯೂಕಿ. ಒಂದು ಬತ್ತಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಮನೆಯಲ್ಲಿ ಬೀಡಿ ಸೇದಬಾರದೆಂದು ಅಜ್ಜನನ್ನು ಹೊರಗೆ ಕಳಿಸಿ, ಮಗುವಿನ ತೊಟ್ಟಿಲ ಕೆಳಗೆ ಬತ್ತಿ ಹಚ್ಚುವ ಸಂಪ್ರದಾಯವನ್ನು ಈ ಬೆಳಕಿನಲ್ಲಿ ನೋಡಬೇಕು. ಎಲೆಯ ಹೊಗೆಯೂ ಹೊಗೆಯೇ. ಬೇವಿನದೆಂದು ಶ್ವಾಸಕೋಶ ರಿಯಾಯಿತಿ ಕೊಡುವುದಿಲ್ಲ.

ತೈಲವಾದಿಗಳಿಗೆ ಪ್ರಮಾಣದ ಬಲ ತುಸು ಹೆಚ್ಚು. ಕೊಬ್ಬರಿ ಎಣ್ಣೆಗೆ ಶೇಕಡಾ 2ರಷ್ಟು ಬೇವಿನೆಣ್ಣೆ ಬೆರೆಸಿ ಹಚ್ಚಿಕೊಂಡರೆ ರಾತ್ರಿಯಿಡೀ ಅನಾಫಿಲಿಸ್ ಕಚ್ಚದೆಂದು ನಮ್ಮ ದೇಶದ ವಿಜ್ಞಾನಿಗಳು 1993ರಲ್ಲಿ ವರದಿ ಮಾಡಿದ್ದಾರೆ. ದಿಂಬಿನ ಕವರಿನ ಬಗ್ಗೆ ವರದಿ ಮೌನ ವಹಿಸಿದೆ. ಸಿಟ್ರೊನೆಲ್ಲಾ ಎಣ್ಣೆ ಗಂಟೆ ಎರಡು ಗಂಟೆಯಲ್ಲಿ ಆವಿಯಾಗಿ ಹೋಗುತ್ತದೆ. ನಿಂಬೆ ವಾಸನೆಯ ನೀಲಗಿರಿ ಜಾತಿಯಿಂದ ತೆಗೆದ ಪಿಎಂಡಿ ಎಂಬ ಅಂಶ ಮಾತ್ರ ಗಂಟೆಗಟ್ಟಲೆ ನಿಲ್ಲುತ್ತದೆ. ಆದರೆ ಅದು ಅಂಗಡಿಯಿಂದ ಕೊಂಡದ್ದಾದ್ದರಿಂದ ಮನೆಮದ್ದಿನ ಮಡಿಗೆ ಬರುವುದಿಲ್ಲ.

ಬೆಳ್ಳುಳ್ಳಿ ತಿಂದವರನ್ನು ಸೊಳ್ಳೆ ಮುಟ್ಟದೆಂಬ ಉಪಪಂಥವನ್ನು ಪ್ರಯೋಗಕ್ಕೆ ಒಡ್ಡಿ ನೋಡಿದಾಗ ಫಲ ಕಾಣಲಿಲ್ಲ. ಇನ್ನು ನಿಂಬೆಹಣ್ಣಿನ ಹೋಳಿಗೆ ಲವಂಗ ಚುಚ್ಚಿ ಮುಳ್ಳುಹಂದಿಯಂತೆ ಮಾಡಿ ಟೀಪಾಯಿ ಮೇಲಿಡುವವರ ಬಗ್ಗೆ ಹೇಳುವುದಾದರೆ, ಬಂದ ನೆಂಟರಿಗೆ ಮಾತಿನ ವಿಷಯವಾಗುತ್ತದೆ ಎಂಬಷ್ಟು ಪ್ರಯೋಜನವನ್ನು ನಾವು ಒಪ್ಪುತ್ತೇವೆ.

ಸಸ್ಯವಾದಿಗಳ ಸ್ಥಿತಿ ಹೆಚ್ಚು ಕರುಣಾಜನಕ. ತುಳಸಿ, ಮಜ್ಜಿಗೆಹುಲ್ಲು, ಚೆಂಡುಹೂಗಳನ್ನು ಕಿಟಕಿಯಲ್ಲಿ ಸಾಲಾಗಿಟ್ಟರೆ ಕೋಟೆ ಕಟ್ಟಿದಂತೆ ಎಂದು ಅವರ ನಂಬಿಕೆ. ಎಲೆಯನ್ನು ಹಿಸುಕದೆ ಅದರೊಳಗಿನ ಎಣ್ಣೆ ಸಾಕಷ್ಟು ಹೊರಬರುವುದಿಲ್ಲ. ಮೇಲಾಗಿ ಪ್ರತಿ ಕುಂಡದ ಕೆಳಗೆ ನೆಲ ಒದ್ದೆಯಾಗದಿರಲೆಂದು ಒಂದು ತಟ್ಟೆ. ಅದರಲ್ಲಿ ನಿಂತ ತಿಳಿನೀರು ಈಡಿಸ್ ಮೊಟ್ಟೆಯಿಡಲು ಬಯಸುವಂಥದ್ದೇ. ಮೇಲಂತಸ್ತಿನಲ್ಲಿ ನಿವಾರಣೆ, ಕೆಳ ಅಂತಸ್ತಿನಲ್ಲಿ ಬಾಣಂತನ.

ಇಷ್ಟಕ್ಕೂ ಸೊಳ್ಳೆ ನಮ್ಮನ್ನು ಹುಡುಕಿ ಬರುವುದು ಹೇಗೆ? ಕಚ್ಚುವುದು ಹೆಣ್ಣು ಮಾತ್ರ, ಅದೂ ಮೊಟ್ಟೆಗೆ ಬೇಕಾದ ಪ್ರೋಟೀನಿಗಾಗಿ. ಅದಕ್ಕೆ ದಾರಿ ತೋರುವುದು ನಾವು ಬಿಡುವ ಉಸಿರಿನ ಇಂಗಾಲದ ಡೈ ಆಕ್ಸೈಡ್, ಮೈಯ ಬಿಸಿ, ಬೆವರಿನ ವಾಸನೆ. ಇದರಿಂದ ತರ್ಕಬದ್ಧವಾಗಿ ಸಿದ್ಧಿಸುವ ಮನೆಮದ್ದು ಒಂದೇ: ಉಸಿರಾಡದಿರುವುದು. ಇದನ್ನು ದೀರ್ಘಕಾಲ ಪಾಲಿಸಿದವರ ಅಭಿಪ್ರಾಯ ಲಭ್ಯವಿಲ್ಲ.

ಉತ್ತರಪಕ್ಷ ನಮ್ಮ ಬೆಂಗಳೂರಿನದೇ. 1883ರಲ್ಲಿ ದಂಡಿನ ವೈದ್ಯನಾಗಿ ಇಲ್ಲಿಗೆ ಬಂದ ರೊನಾಲ್ಡ್ ರಾಸ್‌ಗೆ ಬಂಗಲೆ ಹಿಡಿಸಿತು, ಸೊಳ್ಳೆ ಹಿಡಿಸಲಿಲ್ಲ. ತನ್ನ ಕೋಣೆಯಲ್ಲೇ ಅವು ಹೆಚ್ಚೇಕೆಂದು ನೋಡಿದರೆ ಕಿಟಕಿಯಾಚೆಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಮಗುಚಿ ಹಾಕಿಸಿದ, ಕಾಟ ತಗ್ಗಿತು. ಮೆಸ್ಸಿನ ತೊಟ್ಟಿಗಳನ್ನೂ ಹೀಗೇ ಮಾಡೋಣವೆಂದು ಮೇಲಧಿಕಾರಿಗೆ ಹೇಳಿದಾಗ, ಅದು ಪ್ರಕೃತಿಯ ಕ್ರಮವನ್ನು ಕೆಡಿಸಿದಂತೆ, ಸೊಳ್ಳೆ ಯಾವುದೋ ಉದ್ದೇಶಕ್ಕೆ ಸೃಷ್ಟಿಯಾಗಿದೆ, ಸಹಿಸುವುದು ನಮ್ಮ ಕರ್ತವ್ಯ ಎಂಬ ಉತ್ತರ ಬಂತು. ರಾಸ್ ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡ, 1902ರಲ್ಲಿ ನೊಬೆಲ್ ಪಡೆದ. ಮೇಲಧಿಕಾರಿಯ ಶಿಷ್ಯಪರಂಪರೆ ಮಾತ್ರ ನಮ್ಮ ಬಡಾವಣೆಗಳಲ್ಲಿ ಇಂದಿಗೂ ಅಕ್ಷುಣ್ಣ.

ತೊಟ್ಟಿ ಮಗುಚುವುದು ಮನೆಮದ್ದಿನ ಪಟ್ಟಿಗೆ ಸೇರದಿರಲು ಕಾರಣ ಸ್ಪಷ್ಟ: ಅದಕ್ಕೆ ವಾಸನೆಯಿಲ್ಲ. ಮೊಟ್ಟೆ ರೆಕ್ಕೆ ಬಲಿತ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಚೆಲ್ಲಿದರೆ ಸಾಕು. ಚೆಲ್ಲಿ ಒಳಗೋಡೆಯನ್ನು ಉಜ್ಜಬೇಕು, ಏಕೆಂದರೆ ಒಣಗಿದ ತೊಟ್ಟಿಗೆ ಅಂಟಿಕೊಂಡು ಈಡಿಸ್ ಮೊಟ್ಟೆ ತಿಂಗಳುಗಟ್ಟಲೆ ಕಾಯಬಲ್ಲದು. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಸುವ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಹಳ್ಳಿಯ ಸೊಳ್ಳೆಮರಿಗೆ ಅರ್ಧ ಬೆಲೆ ಏಕೆಂಬುದು ಇನ್ನೊಂದು ಪ್ರಬಂಧದ ವಸ್ತು.

ಈ ಸಿದ್ಧಾಂತಕ್ಕೆ ಆಕ್ಷೇಪವುಳ್ಳ ವಿದ್ವಾಂಸರಿಗೆ ವಾದಕ್ಕೆ ಸ್ವಾಗತ. ಹೊರಡುವ ಮುನ್ನ ಫ್ರಿಜ್ಜಿನ ಹಿಂದಿನ ತಟ್ಟೆಯ ನೀರು ಚೆಲ್ಲಿ ಬನ್ನಿ.