ಪುಟ್ಟಿಯ ಮಫಿನ್ನು, ಅಜ್ಜನ ಪಾಲು

ಓವನ್ ಎಂಬ ಪೆಟ್ಟಿಗೆ ನಮ್ಮ ಬಂಟ್ವಾಳದ ಮನೆಗಳಿಗೆ ಬರುವುದು ಹೆಚ್ಚಾಗಿ ಮಗನೋ ಅಳಿಯನೋ ಗಲ್ಫಿನಿಂದ ರಜೆಗೆ ಬಂದಾಗ. ಬಂದ ವಾರ ಅದರಲ್ಲಿ ಕೇಕು, ಮರುವಾರ ಪಿಜ್ಜಾ. ಅಷ್ಟರಲ್ಲಿ ಮಳೆ ಹಿಡಿಯುತ್ತದೆ. ಹಲಸಿನ ಹಪ್ಪಳ ಮೆತ್ತಗಾಗದ ಹಾಗೆ ಇಡಲು ಇದಕ್ಕಿಂತ ಒಳ್ಳೆಯ ಕಪಾಟು ಲೋಕದಲ್ಲೇ ಇಲ್ಲ ಎಂದು ಅತ್ತೆಯಂದಿರು ಕಂಡುಹಿಡಿಯುತ್ತಾರೆ. ಅಲ್ಲಿಂದ ಮುಂದೆ ಅದಕ್ಕೆ ಹಪ್ಪಳ ಕಾಯುವುದೇ ಉದ್ಯೋಗ. ಮತ್ತೊಮ್ಮೆ ಅದರ ದೀಪ ಉರಿಯಬೇಕಾದರೆ ಮನೆಯಲ್ಲೊಂದು ಮಗುವಿಗೆ ಒಂದೂವರೆ ವರ್ಷ ದಾಟಬೇಕು. ಆಗ ಮಗುವಿನ ಅಮ್ಮನಿಗೆ ಜ್ಞಾನೋದಯವಾಗುತ್ತದೆ. ಅಂಗಡಿ ಬಿಸ್ಕತ್ತು ವಿಷ, ಮೈದಾ ಕಾಲಕೂಟ, ಇನ್ನು ಮಗುವಿನ ಬಾಯಿಗೆ ಬೀಳುವುದು ಮನೆಯಲ್ಲೇ ಬೇಯಿಸಿದ ಹೆಲ್ದಿ ಮಫಿನ್ ಮಾತ್ರ. ಅದೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದರ ಕೈಯಿಂದಲೇ ಕಲಸಿಸಿದ್ದಾಗಬೇಕು!

ನಮ್ಮ ಪಕ್ಕದ ಮನೆಯಲ್ಲಿ ಈಗ ಈ ಪರ್ವಕಾಲ. ನಾನು ಅಲ್ಲಿಯ ಖಾಯಂ ಪ್ರೇಕ್ಷಕಿ. ಟಿಕೇಟಿಲ್ಲ, "ಹೆಪ್ಪಿಗೆ ಸ್ವಲ್ಪ ಮಜ್ಜಿಗೆ ಉಂಟಾ?" ಎಂದು ಲೋಟ ಹಿಡಿದುಕೊಂಡು ಹೋದರಾಯಿತು. ಪಾತ್ರವರ್ಗದಲ್ಲಿ ಸೊಸೆ, ಅತ್ತೆ, ಮಾವ ಮತ್ತು ಮೊನ್ನೆಯಷ್ಟೇ ಎರಡು ತುಂಬಿದ ಪುಟ್ಟಿ. ಮಗ ದುಬೈಯಲ್ಲಿದ್ದಾನೆ. ಅವನದ್ದು ವಿಡಿಯೋ ಕಾಲಿನಲ್ಲಿ ಬಂದು "ಸೂಪರ್" ಎಂದು ಹೋಗುವ ಸಣ್ಣ ಪಾತ್ರ.

ಮೊದಲ ತಕರಾರು ಬಾಳೆಹಣ್ಣಿನದ್ದು. ಸೊಸೆ ಬಿ.ಸಿ.ರೋಡಿನಿಂದ ತಂದದ್ದು ಉದ್ದುದ್ದ ಕ್ಯಾವೆಂಡಿಶ್. ಅತ್ತೆ ಅದನ್ನು ಮೂಸಿಯೂ ನೋಡಲಿಲ್ಲ. "ತೋಟದಲ್ಲಿ ಮೈಸೂರು ಬಾಳೆಯ ಗೊನೆ ಹಣ್ಣಾಗಿ ಬಾವಲಿ ತಿಂತಾ ಉಂಟು. ನೀನು ದುಡ್ಡು ಕೊಟ್ಟು ಈ ಸೋರೆಕಾಯಿ ತಂದದ್ದಾ ಮಾರಾಯ್ತಿ?" ಸೊಸೆ ಮೊಬೈಲ್ ತೋರಿಸಿದಳು. ಅದರಲ್ಲಿ ಹಣ್ಣಿನ ಜಾತಿ ಹೇಳಿರಲಿಲ್ಲ, ಸಿಪ್ಪೆ ಕಪ್ಪು ಚುಕ್ಕೆಯಾಗಿರಬೇಕು ಎಂದಷ್ಟೇ ಇತ್ತು. ಅತ್ತೆಗೆ ನಗು. ಸಿಪ್ಪೆ ಕಪ್ಪಾದ ಹಣ್ಣಿನಲ್ಲಿ ಪಿಷ್ಟವೆಲ್ಲ ಸಕ್ಕರೆಯಾಗಿ ಬಿಟ್ಟಿರುತ್ತದೆ, ಬೇರೆ ಸಿಹಿ ಬೇಕಾಗುವುದಿಲ್ಲ ಎನ್ನುವುದು ಬನ್ಸ್ ಮಾಡುವ ಊರಿನವರಿಗೆ ಮೊಬೈಲ್ ಹೇಳಿಕೊಡಬೇಕೇ? ಯಾರೂ ಮುಟ್ಟದ ಹಣ್ಣು ಮೂಲೆಯಲ್ಲಿ ಕೊಳೆಯಲು ಹೊರಟಾಗಲೇ ನಮ್ಮಲ್ಲಿ ನಾಳೆ ಬೆಳಿಗ್ಗೆ ಬನ್ಸ್ ಎಂದು ತೀರ್ಮಾನವಾಗುವುದು. ಹಣ್ಣು, ಮೊಸರು, ಚಿಟಿಕೆ ಸೋಡ, ಜೀರಿಗೆ. ಮೊಸರಿನ ಹುಳಿಗೆ ಸೋಡ ತಾಗಿದರೆ ಗಾಳಿ ಹುಟ್ಟುತ್ತದೆ, ಗಾಳಿಗೆ ಹಿಟ್ಟು ಉಬ್ಬುತ್ತದೆ. ಮೊಟ್ಟೆ ಹಾಕದ ಮಫಿನ್ನಿನ ಗುಟ್ಟೂ ಅದೇ. ಲೆಕ್ಕ ಹಾಕಿದರೆ ಬನ್ಸು ಮಫಿನ್ನಿನ ಅಣ್ಣನೇ ಆಗಬೇಕು; ಮೈದಾದ ಸಹವಾಸ ಮಾಡಿ ಎಣ್ಣೆಗೆ ಬಿದ್ದವ ಅಷ್ಟೆ.

ಪುಟ್ಟಿಗೆ ಈ ವಂಶಾವಳಿ ಬೇಡ. ಅವಳನ್ನು ಪೇಪರು ಹಾಸಿ ನೆಲದ ಮೇಲೆ ಕೂರಿಸಿ, ಮುಂದೆ ಸ್ಟೀಲಿನ ಬಟ್ಟಲಿಟ್ಟು, ಸುಲಿದ ಹಣ್ಣು ಕೊಟ್ಟರು. ಅವಳು ಮೊದಲು ಅದನ್ನು ಒಂದು ಬೆರಳಿನಿಂದ ಚುಚ್ಚಿದಳು. ಆಮೇಲೆ ಇಡೀ ಅಂಗೈಯಲ್ಲಿ ಹಿಡಿದು ಹಿಂಡಿದಳು. ಹಣ್ಣು ನಾಲ್ಕೂ ಬೆರಳ ಸಂದಿನಿಂದ ಹೊರಗೆ ಬಂತು. ಪುಟ್ಟಿ ಉಸಿರು ಹಿಡಿದು ತನ್ನ ಕೈಯನ್ನೇ ನೋಡಿದಳು, ನಮ್ಮೆಲ್ಲರ ಮುಖ ನೋಡಿದಳು, ಯಾರೂ ಬೈಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಇನ್ನೊಂದು ಹಿಂಡಿದಳು. ಒಂದು ಪಾಲು ಬಟ್ಟಲಿಗೆ, ಒಂದು ಪಾಲು ಬಾಯಿಗೆ, ಉಳಿದದ್ದು ತಲೆಕೂದಲಿಗೆ. ಈ ಇಡೀ ಮಫಿನ್ ಕಾರ್ಯಕ್ರಮದಲ್ಲಿ ಶುದ್ಧ ಸಂತೋಷ ಎಂಬುದು ಇದ್ದದ್ದು ಆ ಐದು ನಿಮಿಷದಲ್ಲೇ ಎಂದು ನನ್ನ ಅಭಿಪ್ರಾಯ. ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ದೊಡ್ಡವರಿಗೆ ಮಗು ಖುಷಿಯಾದರೆ ಸಾಲದು, ಆರೋಗ್ಯವೂ ಆಗಬೇಕು.

ಆರೋಗ್ಯದ ವಿಷಯ ಬಂದದ್ದೇ ಬೆಲ್ಲ ಎದ್ದಿತು. "ಒಂದು ಅಚ್ಚು ಬೆಲ್ಲ ಹಾಕು" ಎಂದರು ಅತ್ತೆ. "ಹೌದು ಹೌದು, ಬೆಲ್ಲ ಹಾಕಿದ್ರೆ ಏನೂ ಆಗುದಿಲ್ಲ" ಎಂದು ಚಾವಡಿಯಿಂದ ಮಾವನ ಸ್ವರ. ಮಾವನಿಗೆ ಶುಗರ್ ಉಂಟು. ಬೆಲ್ಲದ ಪರವಾಗಿ ಅವರು ವಾದಿಸುವಾಗ ಮಗುವಿನ ಹಿತವೊಂದೇ ಮನಸ್ಸಿನಲ್ಲಿರುತ್ತದೆ ಎಂದು ನಂಬುವಷ್ಟು ಪಾಪದವಳು ನಾನಲ್ಲ. ಸೊಸೆ ಜಗ್ಗಲಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ, ಉಪ್ಪು ತುಂಬಿದ ತಿಂಡಿ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು ಓದಿದಳು.

"ಪುಟ್ಟಿಗೆ ಎರಡು ಆಯ್ತಲ್ಲ?"

"ಆದದ್ದು ಮೊನ್ನೆ, ಅತ್ತೆ."

ಬೆಲ್ಲದ ಮೇಲೆ ನಮಗಿರುವ ಭಕ್ತಿಯೇ ಒಂದು ವಿಚಿತ್ರ. ಅದರಲ್ಲಿ ಸ್ವಲ್ಪ ಕಬ್ಬಿಣ, ಸ್ವಲ್ಪ ಖನಿಜ ಇದೆ, ಇಲ್ಲವೆನ್ನುವುದಿಲ್ಲ. ಉಳಿದದ್ದೆಲ್ಲ ಸಕ್ಕರೆಯೇ, ಬಣ್ಣ ಮಾತ್ರ ಬೇರೆ. ಆದರೆ "ಬೆಲ್ಲ ಹಾಕಿದ್ದು" ಎಂದು ಒಂದು ಮಾತು ಸೇರಿಸಿದರೆ ಪಾಯಸ, ಹಲ್ವ, ಕೇಕು ಯಾವುದಕ್ಕೂ ನಮ್ಮಲ್ಲಿ ಪಾಪಪರಿಹಾರವಾಗಿ ಬಿಡುತ್ತದೆ.

ಜೇನಿನ ಕಥೆ ಇನ್ನೂ ಮಜ. ಸೊಸೆಯ ಗೆಳತಿಯೊಬ್ಬಳು ಮೂಡುಬಿದಿರೆಯ ಜೈನರ ಮನೆಯವಳು. ಅವಳ ಮಗುವಿಗೂ ಹತ್ತಿರ ಹತ್ತಿರ ಇದೇ ವಯಸ್ಸು. ಇವಳು ಭಾರೀ ಉತ್ಸಾಹದಿಂದ ಅವಳಿಗೊಂದು ರೆಸಿಪಿ ಕಳಿಸಿದಳು: ಎರಡು ಮೊಟ್ಟೆ, ತುರಿದ ಕ್ಯಾರೆಟ್, ಸಕ್ಕರೆಯ ಬದಲು ಜೇನು. ಗೆಳತಿ ಪಟ್ಟಿಯಿಂದ ಮೊಟ್ಟೆ ಹೊಡೆದುಹಾಕಿದಳು. ಕ್ಯಾರೆಟ್ ನೆಲದಡಿಯದ್ದು, ಅವರಲ್ಲಿ ಆಗದು. ಜೇನು ಮೊದಲೇ ವರ್ಜ್ಯ. ಕೊನೆಗೆ "ಇನ್ನು ಉಳಿದದ್ದು ಓವನ್ ಮಾತ್ರ, ಅದನ್ನು ಕೊಡ್ಲಾ ಮಗುವಿಗೆ?" ಎಂದು ಕೇಳಿ ಕಳಿಸಿದಳಂತೆ. ಆದರೂ ಜೇನಿನ ವಿಷಯದಲ್ಲಿ ಗೆದ್ದದ್ದು ಅವಳೇ. ಅವಳ ಮಗುವಿಗೆ ವರ್ಷ ದಾಟಿದ್ದು ಸರಿ, ಆದರೆ ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬಾರದು ಎಂದು ಈಗ ಮಕ್ಕಳ ಡಾಕ್ಟರುಗಳೆಲ್ಲ ಹೇಳುತ್ತಾರೆ. ಅದರಲ್ಲಿ ಬಾಟುಲಿಸಂ ಎಂಬ ಕಾಯಿಲೆಯ ಬೀಜಾಣು ಇರಬಹುದು, ಅದು ಓವನ್ನಿನ ಬಿಸಿಗೂ ಸಾಯುವುದಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದ್ದದ್ದು 1430ರಲ್ಲಿ. ಜೇನು ಬೇಡ ಎಂಬ ಅವರ ವ್ರತ ಆ ಕಂಬಗಳಿಗಿಂತ ಎಷ್ಟೋ ಹಳತು. ಅವರ ಕಾರಣ ಅಹಿಂಸೆ, ಡಾಕ್ಟರದ್ದು ಬೀಜಾಣು. ಹೇಗೂ ಮಗುವಿನ ಬಾಯಿ ಬಚಾವು.

ಇನ್ನು ಹಿಟ್ಟು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ರಾಗಿಗೆ ಬಂದ ಠೀವಿ ನೋಡಬೇಕು. ಕುಚ್ಚಲಕ್ಕಿಯ ಊರಾದ ನಮ್ಮಲ್ಲಿ ರಾಗಿ ನೆನಪಾಗುತ್ತಿದ್ದದ್ದು ಎರಡೇ ಸಂದರ್ಭದಲ್ಲಿ, ಸೆಕೆಗಾಲದ ಅಂಬಲಿಗೆ ಮತ್ತು ಹಲ್ಲು ಬಾರದ ಮಗುವಿಗೆ. ರಾಗಿ ನೆನೆಸಿ, ಅರೆದು, ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ಕಾಯಿಹಾಲಿನ ಜೊತೆ ತಳ ಹಿಡಿಯದ ಹಾಗೆ ಮಗುಚಿ ಮಣ್ಣಿ ಮಾಡುತ್ತಿದ್ದರು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ನೂರಿಪ್ಪತ್ತರ ಆಸುಪಾಸು. ಮಣ್ಣಿ ಮಗುಚುತ್ತಿದ್ದವರಿಗೆ ಈ ಅಂಕಿ ಗೊತ್ತಿರಲಿಲ್ಲ, ಮಗುಚುವ ಕೈನೋವು ಗೊತ್ತಿತ್ತು.

ಬರೇ ರಾಗಿಯ ಮಫಿನ್ ಮಾಡಿದರೆ ಮುರಕಲ್ಲಿನ ಹುಡಿಯ ಹಾಗೆ ಉದುರುತ್ತದೆ. ಅದರಲ್ಲಿ ಹಿಡಿದಿಡುವ ಗ್ಲುಟೆನ್ ಇಲ್ಲ. ಅದಕ್ಕೆ ಅರ್ಧ ಗೋಧಿ. ಗೋಧಿಯಲ್ಲಿ ಗ್ಲುಟೆನ್ ಉಂಟು, ಆದರೆ ಕಲಸಿದಷ್ಟೂ ಅದು ಬಿಗಿಯಾಗುತ್ತಾ ಹೋಗಿ ಮಫಿನ್ ಜಗಿದರೆ ರಬ್ಬರು. ಹಾಗಾಗಿ ಹಿಟ್ಟು ಬಿದ್ದ ಮೇಲೆ ನಾಲ್ಕು ಸುತ್ತು ತಿರುಗಿಸಿ ಕೈಬಿಡಬೇಕು. ಈ ಶಾಸ್ತ್ರವನ್ನು ಸೌಟು ಹಿಡಿದ ಎರಡು ವರ್ಷದವಳಿಗೆ ಹೇಳುವವರು ಯಾರು? ಸೌಟು ಕೊಡುವುದು ಸುಲಭ, ವಾಪಸು ಪಡೆಯಲು ಪಂಚಾಯ್ತಿಕೆಯೇ ಬೇಕು. ಇಲ್ಲಿ ಸೊಸೆಯ ಜಾಣತನಕ್ಕೆ ಮೆಚ್ಚಿದೆ. ಹಣ್ಣು, ಮೊಸರು, ಎಣ್ಣೆ ಇಷ್ಟನ್ನೇ ಮೊದಲು ಬಟ್ಟಲಿಗೆ ಹಾಕಿ ಪುಟ್ಟಿಗೆ ಬಿಟ್ಟುಕೊಟ್ಟಳು. ಅವಳು ತೃಪ್ತಿಯಾಗುವಷ್ಟು ತಿರುಗಿಸಿ, ಸೌಟು ಬಿಟ್ಟು ಬೆಕ್ಕಿನ ಹಿಂದೆ ಓಡಿದ ಮೇಲೆ ಹಿಟ್ಟು, ಸೋಡ ಸುರಿದು ತಾನು ಕೆಲಸ ಮುಗಿಸಿದಳು. ಹಸಿ ಹಿಟ್ಟು ನೆಕ್ಕದಂತೆಯೂ ಆಯಿತು. ಮೊಟ್ಟೆ ಇಲ್ಲದಿದ್ದರೂ ಬೇಯದ ಹಿಟ್ಟು ಮಕ್ಕಳ ಹೊಟ್ಟೆಗೆ ಒಳ್ಳೆಯದಲ್ಲ. "ನಾವೆಲ್ಲ ಹಸಿ ಅಕ್ಕಿಹಿಟ್ಟು ತಿಂದೇ ದೊಡ್ಡವರಾದದ್ದು" ಎಂದು ಅತ್ತೆ ಗೊಣಗಿದರು. ಆಗ ಆಗುತ್ತಿದ್ದ ಹೊಟ್ಟೆನೋವಿಗೆ ದೃಷ್ಟಿ ತೆಗೆಯುತ್ತಿದ್ದರು ಎಂಬುದನ್ನು ನಾನು ನೆನಪಿಸಲಿಲ್ಲ, ನನಗೆ ಮಜ್ಜಿಗೆ ಬೇಕಿತ್ತು.

ಅತ್ತೆ ಪ್ರತಿಯೊಂದು ಕಪ್ಪಿನ ನೆತ್ತಿಗೂ ಒಂದೊಂದು ಇಡೀ ಗೇರುಬೀಜ ಚುಚ್ಚಿ ಶೃಂಗಾರ ಮಾಡಿದ್ದರು. ಸೊಸೆ ಒಂದೊಂದನ್ನೇ ಕಿತ್ತು ಹುಡಿ ಮಾಡಿ ಸೇರಿಸಿದಳು. ಇದರಲ್ಲಿ ನಾನು ಪೂರಾ ಸೊಸೆಯ ಪಕ್ಷ. ಐದು ವರ್ಷದೊಳಗಿನವರಿಗೆ ಇಡೀ ಬೀಜ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ. ಅದು ತಮಾಷೆ ಮಾಡುವ ವಿಷಯವಲ್ಲ.

ಅಂತೂ ಹಪ್ಪಳದ ಕಟ್ಟುಗಳು ಓವನ್ನಿನಿಂದ ಮೆರವಣಿಗೆಯಲ್ಲಿ ಹೊರಬಂದವು. ನೂರೆಂಬತ್ತು ಡಿಗ್ರಿ, ಇಪ್ಪತ್ತು ನಿಮಿಷ. ಎರಡು ವರ್ಷದವರಿಗೆ ಇಪ್ಪತ್ತು ನಿಮಿಷ ಎಂದರೆ ಒಂದು ಯುಗ. ಪುಟ್ಟಿ ಗಾಜಿನ ಮುಂದೆ ಮಣೆ ಹಾಕಿ ಕೂತು "ಆಯ್ತಾ? ಆಯ್ತಾ?" ಎಂದು ಕೇಳುತ್ತಲೇ ಇದ್ದಳು. ಬಿಸಿ ತಾಗದ ಹಾಗೆ ಅವಳ ಫ್ರಾಕಿನ ಹಿಂಬದಿಯನ್ನು ಮಾವ ಹಿಡಿದುಕೊಂಡಿದ್ದರು. ಮಫಿನ್ನುಗಳು ಚಂದಕ್ಕೆ ಉಬ್ಬಿದವು. ನೇತ್ರಾವತಿಯ ಆಚೆ ಪಾಣೆಮಂಗಳೂರಿನ ಕಡೆಯಿಂದ ಗುಡುಗಿತು. ಕರೆಂಟು ಹೋಯಿತು.

ಒಳಗಿನ ಗುಳ್ಳೆಗಳು ಗಟ್ಟಿಯಾಗುವ ಮೊದಲೇ ಬಿಸಿ ಹೋದರೆ ಮಫಿನ್ನಿನ ನಡು ಕುಸಿಯುತ್ತದೆ. ಕುಸಿಯಿತು. ಸೊಸೆಯ ಮುಖವೂ ಕುಸಿಯಿತು. ಅತ್ತೆ ಮಾತ್ರ, ಇಷ್ಟು ಹೊತ್ತು ಈ ಗಳಿಗೆಗೇ ಕಾದವರ ಹಾಗೆ ಎದ್ದು, ಗ್ಯಾಸಿನ ಮೇಲೆ ತೊಂದೂರು ಇಟ್ಟು, ನೀರು ಕುದಿಸಿ, ಕಪ್ಪುಗಳನ್ನೆಲ್ಲ ಒಳಗೆ ಜೋಡಿಸಿ ಮುಚ್ಚಿದರು. ಹಬೆಯಲ್ಲಿ ಮತ್ತೊಂದು ಹದಿನೈದು ನಿಮಿಷ. ಹೊರಬಂದದ್ದರ ಮೇಲೆ ಕಂದು ಸಿಪ್ಪೆ ಇರಲಿಲ್ಲ, ಆದರೆ ಹತ್ತಿಯಷ್ಟು ಮೆತ್ತಗಿತ್ತು. "ನೋಡು, ಗುಂಡ ಆಯ್ತು" ಎಂದರು ಅತ್ತೆ, ಗೆದ್ದ ಸ್ವರದಲ್ಲಿ.

ಅವರ ಮಾತಿನಲ್ಲಿ ಸುಳ್ಳಿಲ್ಲ. ನಾಲ್ಕು ಹಲಸಿನ ಎಲೆಯನ್ನು ಹಿಡಿಸೂಡಿ ಕಡ್ಡಿಯಿಂದ ಚುಚ್ಚಿ ಕಪ್ ಮಾಡಿ, ಉದ್ದಿನ ಹಿಟ್ಟು ಹೊಯ್ದು ಬೇಯಿಸುವ ಗುಂಡ. ಮುಂಡೇವಿನ ಎಲೆ ಸುತ್ತಿದರೆ ಅದೇ ಮೂಡೆ. ಹಲಸಿನ ಎಲೆಯದ್ದಕ್ಕೆ ಬಂಟ್ವಾಳ ಪೇಟೆಯ ಕೊಂಕಣಿಗರ ಮನೆಯಲ್ಲಿ ಖೊಟ್ಟೊ ಎಂದು ಹೆಸರು. ಅಷ್ಟಮಿ, ಚೌತಿಗೆ ಹೆಣೆದಿಟ್ಟ ಎಲೆ ಸಂತೆಯಲ್ಲೇ ಸಿಗುತ್ತದೆ. ಸಿಲಿಕಾನ್ ಅಚ್ಚಿಗೆ ಎಣ್ಣೆ ಸವರಬೇಕು, ತೊಳೆಯಬೇಕು. ಎಲೆಗೆ ಎರಡೂ ಬೇಡ, ಪರಿಮಳ ಬಿಟ್ಟಿ. ಸೊಸೆಯ ತವರು ಬೆಳ್ತಂಗಡಿ. ಅಲ್ಲಿಂದ ಅವಳ ಅಮ್ಮ ಹಲಸಿನ ಹಣ್ಣಿನ ಗಟ್ಟಿ ಕಳಿಸಿದಾಗ ಅದನ್ನು ಫ್ರಿಜ್ಜಿನಲ್ಲಿ ಹಿಂದೆ ತಳ್ಳಿ ಮಫಿನ್ ಮುಂದಿಟ್ಟವಳು ಇವಳೇ. ಅದನ್ನು ಎತ್ತಿ ಆಡುವ ಅವಕಾಶವನ್ನು ನಾನು ಬಿಡಲಿಲ್ಲ.

ಹಾಗೆಂದು ಮಫಿನ್ನನ್ನು ಗಡಿಪಾರು ಮಾಡಬೇಕೆಂದು ನಾನು ಹೇಳುವುದಿಲ್ಲ. 1874ರಲ್ಲಿ ಮಕ್ಕಳ ಸಾಹಿತಿ ಪಂಜೆ ಮಂಗೇಶರಾಯರು ಹುಟ್ಟಿದ ಊರು ಇದು. ಇಂಗ್ಲಿಷಿನಿಂದ ಬಂದ ಕಥೆ, ಪದ್ಯಕ್ಕೂ ಅವರು ನಮ್ಮ ಬಟ್ಟೆ ತೊಡಿಸಿ ಮಕ್ಕಳ ಮುಂದೆ ಬಿಟ್ಟರೆ, ಎಲ್ಲಿಂದ ಬಂದಿ ಎಂದು ಯಾರೂ ಕೇಳುತ್ತಿರಲಿಲ್ಲ. ಅಂಥ ಊರಿನಲ್ಲಿ ಮಫಿನ್ನಿಗೊಂದು ಹಲಸಿನ ಎಲೆಯ ಅಂಗಿ ಹೊಲಿಸುವುದು ಏನು ಮಹಾ?

ಪುಟ್ಟಿ ತಿಂದಳೇ ಎಂದು ಕೇಳುತ್ತೀರಿ. ಎರಡರ ಆಸುಪಾಸಿನ ಮಕ್ಕಳು ಹೊಸ ತಿಂಡಿ ಕಂಡರೆ ಪೊಲೀಸರಿಗಿಂತ ಹೆಚ್ಚು ಸಂಶಯಪಡುತ್ತಾರೆ. ಮತ್ತೆ ಮತ್ತೆ ಮುಂದಿಟ್ಟ ಮೇಲೆ ಒಂದು ದಿನ ಕೈ ಹಾಕುತ್ತಾರೆ. ಇದೇ ಮನೆಯ ಎದುರಿನ ಅಂಗನವಾಡಿಯಲ್ಲಿ ಓವನ್ನೂ ಇಲ್ಲ, ಅಚ್ಚೂ ಇಲ್ಲ. ಕ್ಷೀರಭಾಗ್ಯದ ಹಾಲು, ಸಾರು ಅನ್ನ. ಮನೆಯಲ್ಲಿ ಬಾಯಿ ತೆರೆಯದ ಮಕ್ಕಳು ಅಲ್ಲಿ ಸಾಲಾಗಿ ಕೂತು ತಟ್ಟೆ ಖಾಲಿ ಮಾಡುತ್ತಾರೆ; ಟೀಚರ್ ಯಾರ ಹಿಂದೆಯೂ ಚಮಚ ಹಿಡಿದು ಓಡುವುದನ್ನು ನಾನು ಕಂಡಿಲ್ಲ. ಪುಟ್ಟಿ ತಾನು ಹಿಂಡಿದ ಹಣ್ಣಿನ ಮಫಿನ್ನನ್ನು ಎರಡು ಕಚ್ಚಿದಳು. ಆಮೇಲೆ ಅವಳಿಗೆ ಬಡಿಸುವ ಹುಮ್ಮಸ್ಸು ಬಂತು. ಬೆಕ್ಕಿಗೆ ಒಂದು, ನನಗೆ ಒಂದು, ವಿಡಿಯೋ ಕಾಲಿನ ಅಪ್ಪನಿಗೆ ಪರದೆಯ ಮೇಲೆ ಒತ್ತಿ ಒಂದು, ಮಿಕ್ಕದ್ದೆಲ್ಲ ಅಜ್ಜನಿಗೆ.

"ಇದರಲ್ಲಿ ಸಕ್ಕರೆ ಇಲ್ಲ ಅಲ್ವಾ?" ಮಾವ ಕೇಳಿದರು.

"ಇಲ್ಲ ಮಾವ, ಆದ್ರೆ..."

"ಬೆಲ್ಲವೂ ಇಲ್ಲ?"

"ಇಲ್ಲ, ಆದ್ರೆ ಬಾಳೆಹಣ್ಣು..."

"ಮತ್ತೆಂತ! ಹೆಲ್ದಿ ಅಂತ ನೀನೇ ಹೇಳಿದ್ದು." ಬಾಳೆಹಣ್ಣು, ಗೋಧಿ, ರಾಗಿ ಎಲ್ಲವೂ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಎಂದು ಸೊಸೆ ವಿವರಿಸಿ ಮುಗಿಸುವಷ್ಟರಲ್ಲಿ ತಟ್ಟೆ ಖಾಲಿ. ಕಲ್ಲಡ್ಕಕ್ಕೆ ಹೋದಾಗ ಅಲ್ಲಿಯ ಕೆ.ಟಿ. ಚಹಾದ ಮೇಲಿನ ಡಿಕಾಕ್ಷನ್ ಮಾತ್ರ ಕುಡಿದೆ, ಅಡಿಯ ಸಿಹಿ ಹಾಲು ಬಿಟ್ಟೆ ಎಂದು ಮನೆಯಲ್ಲಿ ಹೇಳುವವರು ಅವರು.

ಮರುದಿನ ರಕ್ತ ಪರೀಕ್ಷೆಯಿತ್ತು. ಅಂಕಿ ನೋಡಿ ಡಾಕ್ಟರು ಹುಬ್ಬೇರಿಸಿದರಂತೆ. "ಮೊಮ್ಮಗಳು ಕೈಯಾರೆ ಮಾಡಿದ್ದು ಡಾಕ್ಟ್ರೇ, ಬೇಡ ಅನ್ಲಿಕ್ಕೆ ಆಗ್ತದಾ?" ಎಂದರಂತೆ ಮಾವ. ಡಾಕ್ಟರು ಪೂರಾ ಕಥೆ ಕೇಳಿ, ತಮ್ಮ ಮನೆಯಲ್ಲೂ ಎರಡು ವರ್ಷದವನೊಬ್ಬ ಇದ್ದಾನೆಂದು ರೆಸಿಪಿ ಬರೆದುಕೊಡಲು ಹೇಳಿದರಂತೆ. ಮಾವ ಔಷಧಿ ಚೀಟಿಯ ಹಿಂಬದಿಯಲ್ಲೇ ಬರೆದುಕೊಟ್ಟು ಬಂದಿದ್ದಾರೆ. ಅದರಲ್ಲಿ ಒಂದು ಅಚ್ಚು ಬೆಲ್ಲ ಉಂಟು.