ಎಂಟರ ಫ್ಯಾಕ್ಟೋರಿಯಲ್ ಮೈನಸ್ ಆದದ್ದು

ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಯಂತ್ರಕ್ಕೆ ಕೆಲಸ ಹೇಳುವ ವಿದ್ಯೆಗೆ ಪ್ರೋಗ್ರಾಮಿಂಗ್ ಎಂದು ಹೆಸರು. ಹೊಸದಾಗಿ ಕಲಿಯುವವರ ಕಷ್ಟವೆಲ್ಲ ಆ 'ಅಷ್ಟೇ'ಯಲ್ಲಿದೆ. ಮನೆಯಲ್ಲಿ "ಅದು ಅಲ್ಲಿದೆಯಲ್ಲ, ಅದನ್ನ ತಂದು ಇದಕ್ಕೆ ಹಾಕು" ಎಂದರೆ ಸಾಕು, ಹುಣಸೆಹಣ್ಣು ಡಬ್ಬಿಯಿಂದ ಸಾರಿಗೆ ಬಂದು ಬಿದ್ದಿರುತ್ತದೆ. ಹದಿನೆಂಟು ವರ್ಷ ಹೀಗೆ ಅರ್ಧ ಮಾತಿನಲ್ಲೇ ಬದುಕಿದವರು ಎಂಜಿನಿಯರಿಂಗಿನ ಮೊದಲ ವರ್ಷ ಸಿ ಭಾಷೆಯ ಲ್ಯಾಬಿಗೆ ಬರುತ್ತಾರೆ. ಅಲ್ಲಿ 'ಅದು' ಯಾವುದು, ಅದರ ಹೆಸರೇನು, ಪೂರ್ಣಾಂಕವೋ ದಶಮಾಂಶವೋ ಎಂದು ಮೊದಲೇ ಘೋಷಿಸದೆ ಒಂದು ಹೆಜ್ಜೆಯೂ ಮುಂದಕ್ಕಿಲ್ಲ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಕಾಲ ಸಿವಿಲ್, ಮೆಕ್ಯಾನಿಕಲ್ ಓದುವವರಿಗೂ ಇದರಿಂದ ಬಿಡುಗಡೆ ಇರಲಿಲ್ಲ. ಕಂಪ್ಯೂಟರ್ ಸೈನ್ಸಿನವರೂ ಅದೇ ವರ್ಷ ಡ್ರಾಯಿಂಗ್ ಕ್ಲಾಸಿಗೆ ಡ್ರಾಫ್ಟರ್ ಹೊತ್ತು ತಿರುಗುತ್ತಿದ್ದುದರಿಂದ ನ್ಯಾಯವೇನೋ ಸಮನಾಗಿಯೇ ಹಂಚಿಕೆಯಾಗಿತ್ತು.

ಸಿ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ರೂಪಿಸಿದವರು ಅಮೆರಿಕದ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ. ಅವರೂ ಬ್ರಯಾನ್ ಕರ್ನಿಹಾನರೂ ಸೇರಿ 1978ರಲ್ಲಿ ಹೊರತಂದ ಪುಸ್ತಕದ ಮೊದಲ ಪಾಠ ಪರದೆಯ ಮೇಲೆ 'ಹಲೋ, ವರ್ಲ್ಡ್' ಎಂದು ಮೂಡಿಸುವುದು. ಅಂದಿನಿಂದ ಹೊಸಬರೆಲ್ಲ ಮೊದಲು ಜಗತ್ತಿಗೆ ನಮಸ್ಕಾರ ಹೇಳಿಯೇ ಮುಂದುವರಿಯುತ್ತಾರೆ; ಜಗತ್ತು ಇದುವರೆಗೆ ಯಾರಿಗೂ ಉತ್ತರ ಕೊಟ್ಟಿಲ್ಲ. ಐದಾರು ಸಾಲಿನ ಪ್ರೋಗ್ರಾಮು. ಪರದೆಗೆ ಅಕ್ಷರ ಮೂಡಿಸುವ ಪ್ರಿಂಟ್‌ಎಫ್ ಇರುವ ಸಾಲೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಲ್ಯಾಬಿನಲ್ಲಿ ಸಿಗುವ ವಿವರಣೆ, "ಅದೆಲ್ಲಾ ಆಮೇಲೆ ಹೇಳ್ತೀನಿ, ಈಗ ಹಾಗೇ ಬರ್ಕೊಳ್ಳಿ." ಡಿಗ್ರಿ ಮುಗಿದರೂ ಆ 'ಆಮೇಲೆ' ಬಾರದೆ ಹೋದವರಿದ್ದಾರೆ.

ಟೈಪು ಮಾಡುವುದು ಟರ್ಬೊ ಸಿ ಎಂಬ ನೀಲಿ ಪರದೆಯಲ್ಲಿ. ಬೋರ್ಲೆಂಡ್ ಕಂಪನಿ ಇದನ್ನು 1987ರಲ್ಲಿ ಬಿಡುಗಡೆ ಮಾಡಿತು. ಹೊರಗಿನ ಜಗತ್ತು ವಿಂಡೋಸಿನ ಎಷ್ಟೋ ಅವತಾರ ಕಂಡ ಮೇಲೂ ನಮ್ಮ ಲ್ಯಾಬುಗಳಲ್ಲಿ ಅದು ನಿಶ್ಚಿಂತೆಯಿಂದ ಮುಂದುವರಿಯಿತು. ಕಂಟ್ರೋಲ್ ಎಫ್9 ಒತ್ತಿದರೆ ಪ್ರೋಗ್ರಾಮು ಓಡುತ್ತದೆ, ಉತ್ತರ ಮಿಂಚಿ ಮಾಯವಾಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಕೊನೆಯಲ್ಲಿ ಗೆಟ್‌ಚ್ ಎಂದು ಬರೆಯಬೇಕು. ಯಾರಾದರೂ ಒಂದು ಕೀಲಿ ಒತ್ತುವತನಕ ಅದು ಕಾಯುತ್ತದೆ. ಹಿಂದಿನ ಸಲದ ಉತ್ತರವೂ ಪರದೆಯ ಮೇಲೆ ಉಳಿದಿರುತ್ತದೆಯಾದ್ದರಿಂದ ಅದನ್ನು ಒರೆಸಲು ಆರಂಭದಲ್ಲಿ ಕ್ಲಿಯರ್‌ಸ್ಕ್ರೀನಿನ ಆಜ್ಞೆ. ಪೂಜೆಗೆ ಮೊದಲು ಆಚಮನ ಮಾಡಿದಷ್ಟೇ ಭಕ್ತಿಯಿಂದ ವಿದ್ಯಾರ್ಥಿಗಳು ಇವೆರಡನ್ನೂ ಬರೆಯುತ್ತಾರೆ. ಅಸಲಿಗೆ ಎರಡೂ ಸಿ ಭಾಷೆಯ ಅಧಿಕೃತ ಭಾಗವಲ್ಲ. ಈ ಸಂಗತಿ ಬಹುತೇಕರಿಗೆ ತಿಳಿಯುವುದು ಲಿನಕ್ಸ್ ಇರುವ ಕಂಪ್ಯೂಟರಿನ ಮುಂದೆ ಕೂತು, ಅಲ್ಲಿ ಇವು ನಡೆಯದಿದ್ದಾಗ.

ಸಾಲಿನ ಕೊನೆಗೆ ಸೆಮಿಕೋಲನ್ ಹಾಕಬೇಕೆಂಬುದು ಎಲ್ಲರಿಗೂ ಗೊತ್ತು, ಎಲ್ಲರೂ ಮರೆಯುತ್ತಾರೆ. ಹನ್ನೊಂದನೆಯ ಸಾಲಿನಲ್ಲಿ ಮರೆತರೆ, ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರು ಹನ್ನೆರಡನೆಯ ಸಾಲಿಗೆ ಬೆರಳು ತೋರಿಸುತ್ತದೆ. ಇದರಲ್ಲಿ ಕುಚೋದ್ಯವೇನಿಲ್ಲ. ಮುಂದಿನ ಪದ ಎದುರಾಗುವತನಕ ಹಿಂದಿನ ವಾಕ್ಯ ಮುಗಿದಿಲ್ಲ ಎಂದೇ ಅದು ನಂಬಿಕೊಂಡಿರುತ್ತದೆ. ಇದನ್ನರಿಯದವರು ಹನ್ನೆರಡನೆಯ ಸಾಲನ್ನು ಅಳಿಸಿ, ಮತ್ತೆ ಬರೆದು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಕೊನೆಗೆ ಸಿಸ್ಟಮ್ಮೇ ಸರಿಯಿಲ್ಲವೆಂದು ಪಕ್ಕದ ಕುರ್ಚಿಗೆ ಹೋಗುತ್ತಾರೆ. ಇನ್ನು ಒಂದು ಕೆಲಸವನ್ನು ಹತ್ತು ಸಲ ಮಾಡಿಸಲು ಬರೆದ ಫಾರ್ ಲೂಪಿನ ಆವರಣ ಮುಗಿದೊಡನೆ ಅಭ್ಯಾಸಬಲದಿಂದ ಸೆಮಿಕೋಲನ್ ಬಿದ್ದರೆ ಕಂಪೈಲರು ತುಟಿ ಬಿಚ್ಚುವುದಿಲ್ಲ. ಲೂಪು ಖಾಲಿಯಾಗಿ ಹತ್ತು ಸುತ್ತು ಸುತ್ತಿ ಬರುತ್ತದೆ, ಕೆಳಗಿನ ಕೆಲಸ ಒಮ್ಮೆ ಮಾತ್ರ ನಡೆಯುತ್ತದೆ.

ಇದಕ್ಕಿಂತ ಸೊಗಸಾದ ತಪ್ಪು ಸಮ ಚಿಹ್ನೆಯದು. ಸಿ ಭಾಷೆಯಲ್ಲಿ ಒಂದು ಸಮ ಚಿಹ್ನೆಗೆ 'ಈ ಬೆಲೆಯನ್ನು ಇಟ್ಟುಕೋ' ಎಂದರ್ಥ. ಸಮವೇ ಎಂದು ಕೇಳಬೇಕಾದರೆ ಎರಡು ಹಾಕಬೇಕು. ಅಂಕ 35 ಇದ್ದರೆ 'ಜಸ್ಟ್ ಪಾಸ್' ಎಂದು ಮುದ್ರಿಸುವ ಪ್ರೋಗ್ರಾಮಿನಲ್ಲಿ ಒಂದೇ ಚಿಹ್ನೆ ಹಾಕಿದರೆ ಯಂತ್ರ ಏನನ್ನೂ ವಿಚಾರಿಸುವುದಿಲ್ಲ, ಅಂಕವನ್ನೇ 35 ಮಾಡಿಬಿಡುತ್ತದೆ. ಸೊನ್ನೆಯಲ್ಲದ್ದೆಲ್ಲ ಸಿ ಭಾಷೆಗೆ ಸತ್ಯವಾದ್ದರಿಂದ ನಾಲ್ಕು ತೆಗೆದವನೂ ಪಾಸು, ತೊಂಬತ್ತೆಂಟು ತೆಗೆದವಳೂ ಜಸ್ಟ್ ಪಾಸು. ಇಷ್ಟು ಸಮಾನತೆಯ ಫಲಿತಾಂಶವನ್ನು ಯಾವ ಪರೀಕ್ಷಾ ಮಂಡಳಿಯೂ ಕೊಟ್ಟಿಲ್ಲ. 'ಇದು ತಪ್ಪಿರಬಹುದು' ಎಂದು ಟರ್ಬೊ ಸಿ ಎಚ್ಚರಿಸುತ್ತದೆ ನಿಜ. ಆದರೆ "ವಾರ್ನಿಂಗ್ ಇದ್ರೆ ಪರವಾಗಿಲ್ಲ, ಎರರ್ ಇರಬಾರದು ಅಷ್ಟೇ" ಎಂಬುದು ಲ್ಯಾಬಿನ ಸಂವಿಧಾನ.

ಸೆಮಿಸ್ಟರಿನ ನಡುವೆ ಫ್ಯಾಕ್ಟೋರಿಯಲ್ ಬರುತ್ತದೆ. ಒಂದರಿಂದ ಆ ಸಂಖ್ಯೆಯವರೆಗಿನ ಎಲ್ಲವನ್ನೂ ಗುಣಿಸುವ ಲೆಕ್ಕ. ಐದಕ್ಕೆ 120, ಏಳಕ್ಕೆ 5040. ಉತ್ಸಾಹಿಯೊಬ್ಬ ಎಂಟು ಕೊಡುತ್ತಾನೆ. ಉತ್ತರ ಮೈನಸ್ 25216. ಬರೀ ಧನಸಂಖ್ಯೆಗಳನ್ನು ಗುಣಿಸಿದರೆ ಸಾಲ ಎಲ್ಲಿಂದ ಬಂತು? ಟರ್ಬೊ ಸಿಯಲ್ಲಿ ಪೂರ್ಣಾಂಕಕ್ಕೆ ದೊರೆಯುವ ಜಾಗ 16 ಬಿಟ್. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32767. ನಿಜವಾದ ಉತ್ತರ 40320 ಆ ಗಡಿ ದಾಟಿದ್ದರಿಂದ, ಅದರಲ್ಲಿ 65536 ಕಳೆದು ಉಳಿದದ್ದು ಪರದೆಗೆ ಬಂದಿದೆ. ಇದನ್ನು ಓವರ್‌ಫ್ಲೋ ಎನ್ನುತ್ತಾರೆ. ಇಂಥ ತಪ್ಪು ಮೊದಲ ಸೆಮಿಸ್ಟರಿನವರ ಸ್ವತ್ತೇನಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ಟಿನ ತಂತ್ರಾಂಶ 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ತುರುಕಲು ಹೋಯಿತು. ಮೇಲೆದ್ದ ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ ಚೂರುಚೂರಾಯಿತು. ನಮ್ಮ ಲ್ಯಾಬುಗಳು ಈ ಅಪಾಯವನ್ನು ಸುಲಭವಾಗಿ ನಿವಾರಿಸಿಕೊಂಡಿವೆ. ಸೀನಿಯರುಗಳಿಂದ ಇಳಿದು ಬಂದ ರೆಕಾರ್ಡ್ ಪುಸ್ತಕದಲ್ಲಿ ಎಲ್ಲರೂ ಐದರ ಫ್ಯಾಕ್ಟೋರಿಯಲ್ಲನ್ನೇ ಬರೆಯುತ್ತಾರೆ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಯಾವ ಪ್ರೋಗ್ರಾಮು ಬರೆಯಬೇಕೆಂದು ತಿಳಿಯಲು ಚೀಟಿ ಎತ್ತಬೇಕು. ಮ್ಯಾಟ್ರಿಕ್ಸ್ ಗುಣಾಕಾರ ಬಂದವರು ಮನೆದೇವರನ್ನು ನೆನೆದು, ಅಂಕ ಕಳೆದುಕೊಂಡಾದರೂ ಚೀಟಿ ಬದಲಿಸುತ್ತಾರೆ. ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಪಾಯಿಂಟರ್ ಬಗ್ಗೆ ಕೇಳಿಯೇ ಕೇಳುತ್ತಾರೆ. "ವಿಳಾಸವನ್ನು ಇಟ್ಟುಕೊಳ್ಳುವ ವೇರಿಯಬಲ್" ಎಂಬ ಉತ್ತರ ಎಲ್ಲರಿಗೂ ಬಾಯಿಪಾಠ. ಎರಡನೆಯ ಪ್ರಶ್ನೆ ಕೇಳದಿರುವುದು ಪರೀಕ್ಷಕರ ದೊಡ್ಡತನ.

ಈಗ ಆರಂಭಿಕರಿಗೆ ಪೈಥಾನ್ ಕಲಿಸುವುದು ರೂಢಿಯಾಗಿದೆ. ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಕಂಪ್ಯೂಟರ್ ಸೈನ್ಸ್ ಪುಸ್ತಕವೂ ಅದನ್ನೇ ಕಲಿಸುತ್ತದೆ. ಗೀಡೊ ವಾನ್ ರಾಸಮ್ 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಗೆ ಸೆಮಿಕೋಲನ್ ಬೇಕಿಲ್ಲ, ಘೋಷಣೆ ಬೇಕಿಲ್ಲ. ಅದಕ್ಕೆ ಬದಲು ಸಾಲಿನ ಎಡಗಡೆ ಬಿಟ್ಟ ಖಾಲಿ ಜಾಗವನ್ನು ಎಣಿಸಿ ಜಗಳಕ್ಕೆ ಬರುತ್ತದೆ. ಪೂರ್ಣಾಂಕಕ್ಕೆ ಗಡಿಯಿಲ್ಲ. ಎಂಟಿರಲಿ, ನೂರರ ಫ್ಯಾಕ್ಟೋರಿಯಲ್ಲನ್ನೂ 158 ಅಂಕಿಗಳ ಸಮೇತ ತಪ್ಪಿಲ್ಲದೆ ಒಪ್ಪಿಸುತ್ತದೆ. ಇನ್ನು ತಾಪತ್ರಯವಿಲ್ಲ ಎಂದುಕೊಂಡವರು 0.1ಕ್ಕೆ 0.2 ಕೂಡಿಸಿ ನೋಡಬಹುದು. ಉತ್ತರ 0.30000000000000004.